ಸಿನಿಮಾ ನಿಲ್ಲಿಸುವ ಅಕ್ಕ

ನಮ್ಮ ಓರಗಿತ್ತಿ ನೋಡದ ಹಳೆಯ ಸಿನಿಮಾ ಇಲ್ಲ. ಆದರೆ ಒಂದರ ಕಥೆಯಾದರೂ ಆಕೆಗೆ ಗೊತ್ತಿದ್ದರೆ ನಾನು ಆಕೆಯ ಊರು ಚನ್ನರಾಯಪಟ್ಟಣಕ್ಕೆ ಕಾಲಿಡುವುದನ್ನೇ ಬಿಡುತ್ತೇನೆ! ನಾನು ಅಕ್ಕ ಎಂದು ಕರೆಯುವ ಈಕೆಗೆ ಬೇಕಾದದ್ದು ನಾಯಕಿಯ ಕಷ್ಟವಲ್ಲ, ಅವಳ ರವಿಕೆ. ನಾಯಕನ ಶೌರ್ಯವಲ್ಲ, ಅವನ ಹಿಂದಿನ ಕಂಬ.

ಮೊನ್ನೆ ನಾನು ಹಾಸನದಿಂದ ಅವರ ಮನೆಗೆ ಹೋದಾಗ ಟಿ.ವಿ.ಯಲ್ಲಿ ನಾಯಕಿ ಬಾವಿಗೆ ಹಾರಲು ನಿಂತಿದ್ದಳು. ನಾನು ಉಸಿರು ಬಿಗಿಹಿಡಿದು ಕೂತರೆ, ಅಕ್ಕ ರಿಮೋಟ್ ಒತ್ತಿ ನಿಲ್ಲಿಸಿದರು.

"ಬಾವಿಕಟ್ಟೆ ನೋಡೇ, ಎಂಥಾ ಚಪ್ಪಡಿ! ನಿಮ್ ಬಾವನೂ ಆಕ್ಸವ್ರೆ ಬಾಗ್ಲಿಗೆ, ಜಾರ್ ಬಂಡೆಯ."

ಭಾವ ಕಟ್ಟಿಸಿದ ಹೊಸ ಮನೆಯ ಮುಂಭಾಗವೆಲ್ಲ ಗಾಜು. ದಾರಿಹೋಕರು ಒಳಗೆ ಬಂದು ಸೀರೆ ತೋರಿಸಿ ಎನ್ನುವುದೊಂದು ಬಾಕಿ! ನಾವು ಕಾಫಿ ಕುಡಿದು, ಅವರೆಕಾಯಿ ಸುಲಿದು ಮುಗಿಸಿದರೂ ನಾಯಕಿ ಬಾವಿಕಟ್ಟೆಯ ಮೇಲೇ ಇದ್ದಳು. ಅಷ್ಟು ಹೊತ್ತು ನಿಂತರೆ ಯಾರಿಗೆ ತಾನೇ ಸಾಯುವ ಮನಸ್ಸು ಉಳಿದೀತು?

ಒಮ್ಮೆ ಹೊಳೆನರಸೀಪುರದ ದರ್ಜಿಗೆ ಫೋನಿನಲ್ಲಿ ಹಳೆಯ ನಾಯಕಿಯೊಬ್ಬಳನ್ನು ತೋರಿಸಿ ಬುಗ್ಗೆ ತೋಳಿನ ರವಿಕೆ ಹೊಲಿಸಿ, ಅರಕಲಗೂಡಿನ ಮದುವೆಗೆ ಹಾಕಿಕೊಂಡು ಬಂದರು. ಹಿರಿಯರೊಬ್ಬರು ಹತ್ತಿರ ಬಂದು, "ನಾಟ್ಕ ಎಷ್ಟೊತ್ಗೆ ಸುರುವಮ್ಮ?" ಎಂದರು.

"ಊಟ ಆದ್ಮೇಲೆ" ಎಂದರು ಅಕ್ಕ, ನಗದೆ.

ಈ ಹುಚ್ಚಿಗೂ ಒಂದು ಕಾರಣವಿದೆ. ಅಕ್ಕ ಚಿಕ್ಕವರಿದ್ದಾಗಲೇ ಅವರ ಅವ್ವ ತೀರಿಕೊಂಡರು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ಆಕೆ ಕ್ಯಾಮೆರಾ ಕಂಡರೆ ಒಳಗೆ ಓಡುತ್ತಿದ್ದರಂತೆ. ಹಾಗಾಗಿ ಪಿತೃಪಕ್ಷದಲ್ಲಿ ಎಡೆ ಇಡುವಾಗ ಅತ್ತೆ ಮಾವನವರ ಫೋಟೋಗಳ ಪಕ್ಕ ಅವ್ವನ ಪಾಲಿಗೆ ಬರೀ ಒಂದು ಮಡಿಸಿದ ಸೀರೆ. ಆ ಕಾಲದ ಸಿನಿಮಾಗಳಲ್ಲಿ ಅವ್ವನನ್ನು ಹೋಲುವ ಒಂದು ಮುಖ ಸಿಕ್ಕರೆ ಸಾಕೆಂದು ಅಕ್ಕನ ಹುಡುಕಾಟ.

ಹೋದ ವರ್ಷ ಅಂಥ ಮುಖ ಸಿಕ್ಕೇಬಿಟ್ಟಿತು! ಸಿನಿಮಾ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದು, ಕಟ್ಟು ಹಾಕಿಸಿ, ಹೂವು ಮುಡಿಸಿ, ಎಡೆಯ ಮುಂದೆ ಇಟ್ಟರು. ಕೈಮುಗಿಯಲು ಬಂದ ಭಾವ ದಿಟ್ಟಿಸಿ ನೋಡಿದರು.

"ಲೇ, ಇವ್ಳು ಆ ಪಿಚ್ಚರ್‌ನಾಗೆ ಸೊಸೆಗೆ ಇಸ ಇಕ್ಕೋಳಲ್ವೇನೇ?"

ಕಥೆ ನೋಡದ ತಪ್ಪಿಗೆ ಫೋಟೋ ಕೆಳಗಿಳಿಯಿತು. ಮತ್ತೆ ಸೀರೆಯೇ ಬಂತು.

ಮೊನ್ನೆ ಕೊನೆಗೂ ಸಿನಿಮಾ ಮುಂದಕ್ಕೆ ಓಡಿತು. ನಾಯಕಿಯ ಹಿಂದೆ ಯಾರೋ ಒಬ್ಬ ಹೆಂಗಸು, ಸೆರಗು ಸೊಂಟಕ್ಕೆ ಸಿಗಿಸಿ, ಕೊಡ ಹೊತ್ತು ಬೆನ್ನು ತೋರಿಸಿಕೊಂಡು ಹೋಗುತ್ತಿದ್ದಳು. ಅಕ್ಕ ಮತ್ತೆ ನಿಲ್ಲಿಸಿದರು. ಈ ಸಲ ಕಂಬದ ಮಾತಿಲ್ಲ, ಚಪ್ಪಡಿಯ ಮಾತಿಲ್ಲ.

"ಅವ್ವ ಇಂಗೇ ನಡೀತಿದ್ಲು" ಎಂದರು.

ಮುಖ ನೋಡೋಣವೆಂದು ನಾನು ರಿಮೋಟ್‌ಗೆ ಕೈ ಚಾಚಿದೆ. ಅಕ್ಕ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ಕಣೇ. ತಿರುಗಿದ್ರೆ ಬ್ಯಾರೆ ಯಾರೋ ಆಗ್ಬುಡ್ತಾಳೆ."