ಮಾವನ ಜೀಪು ಮತ್ತು ಉಳಿದ ಬೋಲ್ಟುಗಳು

ನಮ್ಮ ಮಾವನ ಜೀಪು ಇದುವರೆಗೆ ಒಮ್ಮೆಯೂ ಮೆಕ್ಯಾನಿಕ್ಕನ ಕೈಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಯಾವತ್ತೋ ಸರಿಯಾಗಿರುತ್ತಿತ್ತು!

ಮಾವ ಎಂದರೆ ನನ್ನ ಅಮ್ಮನ ತಮ್ಮ. ಭದ್ರಾವತಿಯ ಕಾರ್ಖಾನೆಯೊಂದರ ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ ಕಟ್ಟಿಸಿಕೊಂಡವರು. ಮನೆ ಎಂದೆನೇ? ಜೀಪಿಗೆ ದೊಡ್ಡದೊಂದು ಶೆಡ್ಡು ಕಟ್ಟಿಸಿ, ಮಿಕ್ಕ ಜಾಗದಲ್ಲಿ ಅತ್ತೆಗೆ ಅಡುಗೆಮನೆ ಕೊಟ್ಟಿದ್ದಾರೆ. ನಾನಿರುವುದು ಅವರ ಹಿಂದಿನ ಬೀದಿಯಲ್ಲೇ. ಹಾಗಾಗಿ ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸುವುದು ಮಾವನ ಸುತ್ತಿಗೆಯ ಸದ್ದು.

ಜೀಪು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಯಾವುದೋ ಎಸ್ಟೇಟಿನಲ್ಲಿ ಗೊಬ್ಬರದ ಮೂಟೆ ಹೊತ್ತು ಸುಸ್ತಾಗಿ ಅಲ್ಲಿನ ಗೋದಾಮಿನ ಹಿಂದೆ ಬಿದ್ದಿತ್ತಂತೆ. ಮಾವ ಅದನ್ನು ತಂದ ದಿನದಿಂದ ಅದಕ್ಕೆ ವಿಶ್ರಾಂತಿ ಎನ್ನುವುದೇ ಇಲ್ಲ. ಓಡಿ ಓಡಿ ಅಲ್ಲ, ಬಿಚ್ಚಿಸಿಕೊಂಡು, ಜೋಡಿಸಿಕೊಂಡು!

ಮಾವನ ರಿಪೇರಿಗೆ ಒಂದು ನಿಯಮವಿದೆ. ಏನನ್ನೇ ಬಿಚ್ಚಿ ಜೋಡಿಸಿದರೂ ಕೊನೆಯಲ್ಲಿ ಒಂದೆರಡು ಬೋಲ್ಟು ಉಳಿಯಲೇಬೇಕು. ಅವು ಅತ್ತೆಯ ಉಪ್ಪಿನಕಾಯಿ ಬಾಟಲಿ ಸೇರುತ್ತವೆ, ಮೇಲೊಂದು ಚೀಟಿ ಅಂಟುತ್ತದೆ. ‘ಗೇರ್ ಬಾಕ್ಸ್, ಎರಡು.’ ‘ಡೈನಮೋ, ಒಂದು.’ ಇವಿಲ್ಲದೆ ಗಾಡಿ ಹೇಗೆ ಓಡುತ್ತದೆ ಎಂದು ಕೇಳಿದರೆ, ಗಾಡಿ ಮಾಡಿದವರು ಧೈರ್ಯ ಸಾಲದೆ ಹೆಚ್ಚಿಗೆ ಹಾಕಿರುತ್ತಾರೆ, ಕೆಲಸ ಗೊತ್ತಿರುವವರಿಗೆ ಅಷ್ಟೆಲ್ಲ ಬೇಕಾಗಿಲ್ಲ ಎಂಬ ಉತ್ತರ. ಒಮ್ಮೆ ಅತ್ತೆ ನೆಂಟರಿಗೆ ಬಡಿಸುವ ಅವಸರದಲ್ಲಿ ನಿಂಬೆಕಾಯಿ ಎಂದುಕೊಂಡು ಬಾಟಲಿಯ ಮುಚ್ಚಳ ತೆಗೆದರೆ, ಒಳಗೆ ಎಣ್ಣೆಯಲ್ಲಿ ಮುಳುಗಿದ ಬೋಲ್ಟುಗಳು! ನೆಂಟರು ಅವತ್ತು ಮೊಸರನ್ನವನ್ನು ಬರಿದೇ ಉಂಡು ಎದ್ದರು.

ಈ ಜೀಪಿಗೂ ನನಗೂ ಹಳೆಯ ಜಗಳವೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ನನಗೆ ಡ್ರೈವಿಂಗ್ ಲೈಸೆನ್ಸ್ ಬಂತು. ಆ ಖುಷಿಗೆ ಮಾವ ನನ್ನನ್ನು ಜೀಪಿನಲ್ಲಿ ಕೂರಿಸಿದರು. ನಾನು ಐದಡಿಗೆ ಒಂದಿಂಚು ಕಮ್ಮಿ. ಕ್ಲಚ್ಚು ತುಳಿಯೋಣವೆಂದು ಕೆಳಕ್ಕೆ ಜಾರಿದರೆ ರಸ್ತೆ ಕಾಣುವುದಿಲ್ಲ, ರಸ್ತೆ ನೋಡೋಣವೆಂದು ಮೇಲಕ್ಕೆ ಎದ್ದರೆ ಕ್ಲಚ್ಚು ಸಿಗುವುದಿಲ್ಲ. ಹೀಗೆ ಏಳುತ್ತಾ ಬೀಳುತ್ತಾ ಎದುರು ಮನೆಯ ಗೇಟನ್ನು ಅವರ ಅಂಗಳಕ್ಕೇ ತಲುಪಿಸಿದೆ! ಅಲ್ಲಿಂದೀಚೆಗೆ ನಮ್ಮ ಕಡೆ ಯಾವ ಮದುವೆ, ಮುಂಜಿ ನಡೆದರೂ ಊಟದ ಪಂಕ್ತಿಯಲ್ಲಿ ಈ ಕಥೆ ಇದ್ದೇ ಇರುತ್ತದೆ. ನನ್ನ ಲೈಸೆನ್ಸು ಪರ್ಸಿನಲ್ಲಿ ಹಾಯಾಗಿ ಮಲಗಿತ್ತು.

ಈ ವರ್ಷ ಜೀಪಿನ ಎಫ್‌ಸಿ ಮುಗಿಯುವುದಿತ್ತು. ಗಾಡಿ ರಸ್ತೆಗೆ ಯೋಗ್ಯ ಎಂದು ಸರ್ಕಾರ ಕೊಡುವ ಆ ಕಾಗದ ಮತ್ತೆ ಸಿಗದಿದ್ದರೆ ಜೀಪು ಸೀದಾ ಗುಜರಿಗೆ ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. ಮಾವನಿಗೆ ಉಳಿದಿದ್ದು ಎರಡೇ ತಿಂಗಳು.

ಮೊದಲು ವೈರಿಂಗ್ ಕೆಲಸ. ಹಳೆ ವೈರನ್ನೆಲ್ಲ ಕಿತ್ತು ಹೊಸದು ಎಳೆದು, ಪರೀಕ್ಷೆಗೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸವಳಂಗ ರಸ್ತೆಗೆ ಹೊರಟರು. ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ವೈಪರ್ ಓಡಿತು. ವೈಪರ್ ನಿಲ್ಲಿಸಲು ಹೋದರೆ ಹಾರ್ನು ಕೂಗತೊಡಗಿತು. ಬಿರುಬಿಸಿಲಿನಲ್ಲಿ ವೈಪರ್ ಆಡಿಸಿಕೊಂಡು, ಕಿರುಚಿಕೊಂಡು ಹೋಗುವ ಜೀಪನ್ನು ನೋಡಲು ಅಂಗಡಿಯವರೆಲ್ಲ ಹೊರಗೆ ಬಂದರು. ನಾನು ದುಪಟ್ಟಾದಿಂದ ಮುಖ ಮುಚ್ಚಿಕೊಂಡೆ. ಮಾವ ಮಾತ್ರ ಗಂಭೀರವಾಗಿ, "ಕೈ ಬೀಸಿ ಹೇಳಿದ ಹಾಗಿದೆಯಲ್ಲ ಮಾರಾಯ್ತಿ, ಎಡಕ್ಕೆ ತಿರುಗ್ತೀವಿ ಅಂತ ಜನಕ್ಕೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ" ಎಂದರು.

ಅವತ್ತಿನಿಂದ ಮಾವ ಜೀಪನ್ನು ಶೆಡ್ಡಿನಿಂದ ಆಚೆಗೆ ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡುವುದು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುವುದು, ಆಫ್ ಮಾಡುವುದು. ಯಾಕೆಂದು ಕೇಳಿದರೆ ಎಫ್‌ಸಿಗೆ ಮೊದಲು ಎಂಜಿನ್ನಿಗೆ ರೆಸ್ಟ್ ಬೇಕಂತೆ! ಭದ್ರಾವತಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಅಲ್ಲಿ ಅನ್ವರ್ ಭಾಯ್ ಅವರ ಲೇತ್ ಶಾಪಿದೆ. ಇಬ್ಬರೂ ಒಂದೇ ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿದವರು. ಒಂದು ದಿನವಂತೂ ಮಾವ ಜೀಪಿನ ಡ್ರೈವರ್ ಸೀಟನ್ನೇ ಕಿತ್ತು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದರು. ಬಸ್ಸು ತುಂಬಿತ್ತಂತೆ. ತಮ್ಮ ಸೀಟನ್ನು ನಡುದಾರಿಯಲ್ಲಿ ಇಟ್ಟು, ಅದರ ಮೇಲೆ ಕೂತು, ಭದ್ರಾವತಿಯವರೆಗೆ ಆರಾಮಾಗಿ ಹೋದರಂತೆ. ಸೀಟಿಗೂ ಟಿಕೆಟ್ ಕೇಳಿದ ಕಂಡಕ್ಟರಿಗೆ, ನಿಮ್ಮ ಸೀಟು ಕೊಟ್ಟಿದ್ದರೆ ನಮ್ಮದನ್ನು ತರುತ್ತಲೇ ಇರಲಿಲ್ಲ ಎಂದರಂತೆ.

ಇನ್ನು ಭಾನುವಾರಗಳಲ್ಲಿ ನನಗೆ ಡ್ಯೂಟಿ. ಮಾವ ಜೀಪಿನ ಕೆಳಗೆ ಮಲಗಿಕೊಂಡು ಒಂದೊಂದೇ ಸ್ಪ್ಯಾನರನ್ನು ಆಚೆಗೆ ಚಾಚುವರು. "ಇದ್ಯಾವ ನಂಬರು, ಓದು." ನಾನು ಹದಿನಾಲ್ಕು ಎನ್ನಬೇಕು. ಇನ್ನೊಂದು ಚಾಚುವರು. ಹದಿನೇಳು ಎನ್ನಬೇಕು. ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಹೀಗೆ ಮಗ್ಗಿ ಒಪ್ಪಿಸುವ ಕರ್ಮ! ನಾನೇನು ಒಂದನೇ ಕ್ಲಾಸೇ ಎಂದು ರೇಗಿದರೆ, ಕೆಲಸ ಕಲಿತಿರಬೇಕು ಎಂದು ಕೆಳಗಿನಿಂದಲೇ ಉಪದೇಶ. ಒಂದು ಭಾನುವಾರ ಸಣ್ಣ ಹಗ್ಗವೊಂದನ್ನು ತಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಅಳೆದು ಗಂಟು ಹಾಕಿಕೊಂಡರು. ಅತ್ತೆಗೆ ಸ್ಟೂಲು ಮಾಡಿಸುತ್ತಿದ್ದಾರಂತೆ, ಅತ್ತೆಯೂ ನಾನೂ ಒಂದೇ ಎತ್ತರವಂತೆ. ಆ ಸ್ಟೂಲು ಇವತ್ತಿಗೂ ಬಂದಿಲ್ಲ.

ಎಫ್‌ಸಿಯ ದಿನ ಬೆಳಿಗ್ಗೆ ಮಾವ ಇಸ್ತ್ರಿ ಶರ್ಟು ಹಾಕಿಕೊಂಡು ಶೆಡ್ಡಿನಲ್ಲಿ ನಿಂತಿದ್ದರು. ನಾನು ಹೋದ ಕೂಡಲೇ ಕೀ ನನ್ನ ಕೈಗೆ ಕೊಟ್ಟು, ನೀನೇ ಓಡಿಸು ಎಂದರು.

"ಎದುರು ಮನೆಯೋರು ಮೊನ್ನೆ ತಾನೇ ಗೇಟಿಗೆ ಪೇಂಟ್ ಹೊಡ್ಸಿದಾರೆ ಮಾವ" ಎಂದೆ.

ಮಾವ ನಗಲಿಲ್ಲ. "ಮೊದ್ಲು ಕೂತ್ಕೋ."

ಕೂತೆ. ಸೀಟು ನಾಲ್ಕು ಬೆರಳು ಮೇಲಕ್ಕೆ ಬಂದಿತ್ತು, ಒಂದು ಗೇಣು ಮುಂದಕ್ಕೆ ಸರಿದಿತ್ತು. ಕ್ಲಚ್ಚಿಗೆ ಕಬ್ಬಿಣದ ದಪ್ಪ ತುಂಡೊಂದನ್ನು ವೆಲ್ಡ್ ಮಾಡಿಸಿದ್ದರು. ನನ್ನ ಕಾಲು ಅದರ ಮೇಲೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಗಾಜಿನಾಚೆ ರಸ್ತೆ ಪೂರ್ತಿ ಕಾಣುತ್ತಿತ್ತು. ಅತ್ತೆಯ ಸ್ಟೂಲು ಎಲ್ಲಿಗೆ ಹೋಯಿತೆಂದು ಆಗ ಗೊತ್ತಾಯಿತು.

"ಆ ವೈಪರ್ ಓಡಿದ ಮಾರನೇ ದಿನವೇ ಡಾಕ್ಟ್ರು ಹೇಳಿದ್ರು" ಎಂದರು ಮಾವ, ಪಕ್ಕದ ಸೀಟಿಗೆ ಹತ್ತುತ್ತಾ. "ಕಣ್ಣಿನ ನಡುಭಾಗ ಹೋಗ್ತಾ ಇದೆ. ಸುತ್ತಮುತ್ತ ಕಾಣುತ್ತೆ, ಎದುರಿಗಿರೋದು ಕಾಣಲ್ಲ. ಇನ್ನು ಗಾಡಿ ಓಡಿಸ್ಬೇಡಿ ಅಂದ್ರು."

"ಅತ್ತೆಗೆ ಗೊತ್ತಾ?"

"ಗೊತ್ತಾಗಿದ್ರೆ ಅವತ್ತೇ ಜೀಪು ಗುಜರಿಗೆ ಹೋಗ್ತಿತ್ತು. ಓಡ್ಸೋಕೆ ಒಬ್ರು ಇದಾರೆ ಅಂತಾದ್ಮೇಲೆ ಹೇಳೋಣ ಅಂತಿದ್ದೆ."

ವೈರಿನ ಬಣ್ಣ ಗೊತ್ತಾಗದೆ ತಪ್ಪಾಗಿ ಜೋಡಿಸಿದವರನ್ನು ನೋಡಿ ನಾನು ಮುಖ ಮುಚ್ಚಿಕೊಂಡಿದ್ದೆ. ಸ್ಪ್ಯಾನರಿನ ನಂಬರು ಕಾಣದೆ ಕೇಳಿದವರ ಮೇಲೆ ರೇಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಅಳುತ್ತಾ ಜೀಪು ಓಡಿಸಲಾಗುವುದಿಲ್ಲ ನೋಡಿ, ಎದುರಿಗೆ ಗೇಟಿದೆ! ಕೀ ತಿರುಗಿಸಿದೆ.

ಎರಡು ಸಲ ಆಫ್ ಆಯಿತು. ಮೂರನೇ ಸಲ ಹೊರಟಿತು. ಗೇಟಿಗೆ ಏನೂ ಆಗಲಿಲ್ಲ. ಮಾವ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಾ, ಈಗ ಎರಡನೇ ಗೇರು, ಈಗ ಮೂರನೇದು ಎಂದು ಹೇಳುತ್ತಾ ಬಂದರು. ಒಮ್ಮೆಯೂ ತಪ್ಪಲಿಲ್ಲ. ವೈರುಗಳನ್ನು ಅನ್ವರ್ ಭಾಯ್ ಬಂದು ಸರಿ ಮಾಡಿದ್ದರಿಂದ ಇಂಡಿಕೇಟರ್ ಹಾಕಿದರೆ ಇಂಡಿಕೇಟರೇ ಉರಿಯಿತು. ಎಫ್‌ಸಿ ಆಯಿತು. ಅತ್ತೆಗೆ ಸಂಜೆ ನಾವಿಬ್ಬರೂ ಕೂತು ಹೇಳುವುದೆಂದು ಮಾತಾಯಿತು. ಅದಕ್ಕೆ ಮೊದಲು ಅನ್ವರ್ ಭಾಯ್‌ಗೆ ಕಾಗದ ತೋರಿಸಬೇಕು, ಭದ್ರಾವತಿಗೆ ನಡಿ ಎಂದರು ಮಾವ.

ಭದ್ರಾವತಿಯ ರಸ್ತೆಯಲ್ಲಿ ನಾಲ್ಕನೇ ಗೇರು ಬಿದ್ದ ಮೇಲೆ, ಆ ಬೋರ್ಡಿನಲ್ಲಿ ಏನಿದೆ ಎಂದು ಕೇಳಿದರು. ಎಳನೀರು ಎಂದೆ. ಮುಂದಿನದು? ಟೈರ್ ಪಂಕ್ಚರ್. ಅದರ ಮುಂದಿನದು? ಊಟ, ತಿಂಡಿ. ಈ ಸಲ ರೇಗಲಿಲ್ಲ, ಕೇಳುವ ಮೊದಲೇ ಓದುತ್ತಾ ಹೋದೆ. ನಡುವೆ ಒಂದು ವಿಷಯ ನೆನಪಾಗಿ, ಸೀಟು ಜೋಡಿಸಿದ ಮೇಲೆ ಎಷ್ಟು ಬೋಲ್ಟು ಉಳಿಯಿತು, ಯಾವ ಬಾಟಲಿಗೆ ಹಾಕಿದಿರಿ ಎಂದು ಕೇಳಿದೆ.

"ಒಂದೂ ಉಳಿದಿಲ್ಲ" ಎಂದರು ಮಾವ, ಎದುರಿನ ರಸ್ತೆಯ ಕಡೆಗೇ ಮುಖ ಮಾಡಿಕೊಂಡು. "ಮುಟ್ಟಿ ಮುಟ್ಟಿ ಮೂರು ಸಲ ಎಣಿಸ್ದೆ. ನೀನು ಕೂರೋ ಸೀಟು ಅಲ್ವಾ."

ಮುಂದಿನ ಬೋರ್ಡನ್ನು ಓದಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.