ಈ ಸಲ ಎದೆನೋವಂತೆ!

ದರ್ಜಿ ಮಾಸ್ತರರ ಬಳಿ ಹೇಳಿಕೊಳ್ಳಲು ಇನ್ನು ಯಾವ ಕಾಯಿಲೆಯೂ ಉಳಿದಿರಲಿಲ್ಲ. ಬಟ್ಟೆ ಕೇಳಿಕೊಂಡು ಬಂದವರಿಗೆಲ್ಲ ಸೊಂಟ ಹಿಡಿದಿದೆ, ಕಣ್ಣು ಮಂಜಾಗಿದೆ, ಹೆಂಡತಿಗೆ ಜ್ವರ ಎಂದು ಹೇಳಿ ಹೇಳಿ ಮೈಯ ಒಂದೊಂದು ಅಂಗವನ್ನೂ ಖರ್ಚು ಮಾಡಿಬಿಟ್ಟಿದ್ದರು. ಆದರೆ ಕೈ ಬಂಗಾರದಂಥದ್ದು. ಅದಕ್ಕೇ ಜನ ಬೈದುಕೊಂಡಾದರೂ ಮತ್ತೆ ಅವರ ಬಳಿಗೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಡ್ರಿಲ್ ಮೇಷ್ಟ್ರು ಮಗನ ಮದುವೆ ಸೂಟಿಗಾಗಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಹೊಲಿದು ಮುಗಿಸುವ ತನಕ ಏಳುವುದಿಲ್ಲ ಎಂಬ ಹಟ. ಮಾಸ್ತರರು ಮಿಷನ್ ತುಳಿಯತೊಡಗಿದ ಸ್ವಲ್ಪ ಹೊತ್ತಿಗೇ ಎದೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ನೋವು ಎಡತೋಳಿಗೆ ಇಳಿಯಿತು. ಮೈಯೆಲ್ಲ ಬೆವರು.

"ಮೇಷ್ಟ್ರೇ, ಎದೆ ನೋಯ್ತಿದೆ..."

"ಬಂತಾ? ನಾನೂ ಕಾಯ್ತಾನೇ ಇದ್ದೆ," ಎಂದರು ಮೇಷ್ಟ್ರು. "ಹೋದ್ಸಲ ಸೊಂಟ, ಅದಕ್ಕೂ ಮುಂಚೆ ಕಣ್ಣು. ಈ ಸಲ ಎದೆನೋವಾ? ತುಳೀರಿ, ತುಳೀರಿ."

ಗಲಾಟೆ ಕೇಳಿ ಪಕ್ಕದ ಸೈಕಲ್ ಅಂಗಡಿಯವನು ಬಂದ. ಪಾಪ, ಒಳ್ಳೆಯವನು, ನಂಬಿಬಿಟ್ಟ. "ಇದು ಬರೀ ಗ್ಯಾಸು ಕಣಣ್ಣಾ. ಇರು, ಸೋಡಾ ತರ್ತೀನಿ."

ಎದುರುಮನೆ ಅಜ್ಜಿ ಇನ್ನೂ ಒಳ್ಳೆಯವರು, ದಿಂಬನ್ನೇ ತಂದರು. "ಸ್ವಲ್ಪ ಹೊತ್ತು ಕಾಲು ಚಾಚಿ ಮಲಗಪ್ಪಾ, ತಾನಾಗೇ ಹೋಗತ್ತೆ. ಆಸ್ಪತ್ರೆಗೆ ಹೋದ್ರೆ ಇಲ್ಲದ್ದನ್ನೆಲ್ಲ ಹೇಳ್ತಾರೆ."

ಮಾಸ್ತರರಿಗೂ ಆ ಮಾತು ಹಿತವೆನಿಸಿ ದಿಂಬಿಗೆ ತಲೆ ಕೊಟ್ಟರು.

ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. "ಮಲಗ್ತೀರಾ? ನಡೀರಿ ಆಸ್ಪತ್ರೆಗೆ! ಏನೂ ಆಗಿಲ್ಲ ಅಂತ ಡಾಕ್ಟ್ರು ಬಾಯಿಂದ್ಲೇ ಹೇಳಿಸ್ತೀನಿ. ಆಮೇಲೆ ಇದೇ ಮಿಷನ್ ಮುಂದೆ ತಂದು ಕೂರಿಸ್ತೀನಿ!"

ಹಾಗೆಂದವರೇ ಮಾಸ್ತರರನ್ನು ದರದರ ಎಳೆದು ಟ್ಯಾಕ್ಸಿಗೆ ತುಂಬಿದರು. ಸೈಕಲ್ ಅಂಗಡಿಯವನು ಸೋಡಾ ಹಿಡಿದು ಬೀದಿ ತುದಿಯವರೆಗೂ ಹಿಂದೆ ಓಡಿದ.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ನರ್ಸಿನ ಮುಖದ ಬಣ್ಣವೇ ಬದಲಾಯಿತು. ಮೂಗು-ಬಾಯಿಗೆ ಆಕ್ಸಿಜನ್ ಕಟ್ಟಿ ಸ್ಟ್ರೆಚರನ್ನು ಓಡಿಸಿದರು. ಕಣ್ಣಷ್ಟೇ ಕಾಣುವಂತೆ ಮಾಸ್ಕ್ ತೊಟ್ಟಿದ್ದ ಡಾಕ್ಟರು ಮಣಿಕಟ್ಟಿನಿಂದ ತಂತಿ ತೂರಿಸಿ, ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟ್ ಕೂರಿಸಿದರು. ನೋವು ಹೋಯಿತು. ಬದುಕಿಕೊಂಡೆ ಎಂದು ತಿಳಿದಾಗ ಮಾಸ್ತರರು ಮಗುವಿನ ಹಾಗೆ ಅತ್ತರು.

"ಒಳ್ಳೆ ಟೈಮಿಗೆ ಬಂದ್ರಿ. ಮಲಗಿ ನೋಡೋಣ ಅಂದಿದ್ರೆ ಕಷ್ಟ ಆಗ್ತಿತ್ತು," ಎಂದು ಹೇಳಿ ಡಾಕ್ಟರು ಹೊರಗೆ ಬಂದರು. ಬೆಂಚಿನ ಮೇಲಿದ್ದ ಮೇಷ್ಟ್ರಿಗೂ ವಿಷಯ ತಿಳಿಸಿದರು. "ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದೀವಿ. ಕೆಲವು ವಾರ ಕೆಲಸ ಮಾಡೋ ಹಾಗಿಲ್ಲ."

ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಾಸ್ತರು ನಿಮಗೂ ಚೆನ್ನಾಗೇ ಹೇಳ್ಕೊಟ್ಟಿದಾರೆ. ನಿಮಗೇನು ಹೊಲ್ಕೊಡ್ತೀನಿ ಅಂದ್ರು ಡಾಕ್ಟ್ರೇ?"

ಡಾಕ್ಟರ ಹುಬ್ಬು ಮೇಲೇರಿತು. "ಅವರು ದರ್ಜೀನಾ? ಹಸಿರು ಬಾಗಿಲಿನ ಅಂಗಡಿ?"

ಮೇಷ್ಟ್ರು ತಲೆಯಾಡಿಸಿದ್ದೇ ತಡ, ಡಾಕ್ಟರು ತಿರುಗಿ ಒಳಗೆ ನಡೆದರು.

ಮಾಸ್ತರರು ಮಲಗಿದ್ದಲ್ಲೇ ಕೈ ಮುಗಿದರು. "ಜೀವ ಉಳಿಸಿದ್ರಿ ಸಾರ್. ಎಲ್ಲಾ ಸರಿಹೋಯ್ತಲ್ವಾ?"

"ಅರ್ಜೆಂಟಾಗಿದ್ದದ್ದು ಆಯ್ತು. ಪಕ್ಕದ ಇನ್ನೊಂದು ನಾಳಾನೂ ಕಿರಿದಾಗಿದೆ. ಅದಕ್ಕೆ ಇವತ್ತೇ ಆತುರ ಇಲ್ಲ, ಆಮೇಲೆ ಮಾಡ್ಬೇಕು."

"ಯಾವಾಗ ಸಾರ್?"

ಡಾಕ್ಟರು ಮಾಸ್ಕ್ ತೆಗೆದರು. ಪರಿಚಯದ ಮೀಸೆ ಕಂಡು ಮಾಸ್ತರರ ಜೀವ ಬಾಯಿಗೆ ಬಂತು. ಅಂಗಡಿಯ ಬೀರುವಿನಲ್ಲಿ ವರ್ಷಗಟ್ಟಲೆಯಿಂದ ತೋಳಿಲ್ಲದೆ ನೇತಾಡುತ್ತಿದ್ದ ಕರಿ ಕೋಟಿನ ಯಜಮಾನರು ಇವರೇ!

"ನನ್ನ ಕೋಟು ಯಾವಾಗ?" ಎಂದರು ಡಾಕ್ಟರು.

ಈ ಒಂದು ಸಲವಾದರೂ ನಿಜ ಹೇಳಬೇಕೆಂದು ಮಾಸ್ತರರಿಗೆ ಮನಸ್ಸಿತ್ತು. ಆದರೆ ಬಾಯಿ ಅವರನ್ನು ಕೇಳಲಿಲ್ಲ. "ನಾಳೆ ಸಾರ್, ಗ್ಯಾರಂಟಿ."

"ಹಾಗಾದ್ರೆ ನಂದೂ ನಾಳೆ," ಎಂದು ಡಾಕ್ಟರು ನಗುತ್ತ ಅವರ ಭುಜ ತಟ್ಟಿ ಹೊರಟುಹೋದರು.

ಆ ನಾಳೆ ಯಾವಾಗ ಬರುತ್ತದೆ ಎಂಬುದನ್ನು ಮಾಸ್ತರರಿಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ.