ದೊಡ್ಡಮ್ಮನ ಮಸ್ಕತ್ ತಪಾಸಣೆ

ಪರದೇಶದಲ್ಲಿ ಇರುವವನಿಗೆ ಇಂಥವು ತಪ್ಪುವುದಿಲ್ಲ. ಸಂಬಳ ಒಂದು ದೇಶದಲ್ಲಿ, ಕಿವಿ ಇನ್ನೊಂದು ದೇಶದಲ್ಲಿ ಇಟ್ಟುಕೊಂಡು ಬದುಕುವವನು ವಾರಕ್ಕೊಮ್ಮೆಯಾದರೂ ನಗೆಪಾಟಲಿಗೆ ಈಡಾಗಲೇಬೇಕು. ನಾನು ಹನ್ನೊಂದು ವರ್ಷದಿಂದ ಮಸ್ಕತ್ತಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಹೆಂಡತಿ ಇಲ್ಲೇ ಒಂದು ಕ್ಲಿನಿಕ್ಕಿನಲ್ಲಿ ನರ್ಸ್.

ಈ ವರ್ಷದ್ದು ಬರೀ ನಗೆಯ ವಿಷಯವಲ್ಲ. ಇನ್ನು ಮೂರು ವರ್ಷ ಕೆಲಸ ಮುಂದುವರಿಸುವ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು. ಊರಲ್ಲಿ, ಕಡಬದ ಹತ್ತಿರದ ಕೋಡಿಂಬಾಳದಲ್ಲಿರುವ ದೊಡ್ಡಮ್ಮ ಬೇಡ ಎಂದರು. ಹೈಸ್ಕೂಲು ಮುಗಿಯುವ ತನಕ ನಾನು ಉಂಡದ್ದು ಅವರ ಮನೆಯ ಅನ್ನ. ಅವರು ಬೇಡ ಎಂದದ್ದಕ್ಕೆ ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೊನೆಗೆ, "ನೀವೇ ಬಂದು ನೋಡಿ ಹೇಳಿ. ಅಲ್ಲಿಯವರೆಗೆ ಸಹಿ ಹಾಕುವುದಿಲ್ಲ" ಎಂದು ಮಾತು ಕೊಟ್ಟೆ.

ಒಂದು ಬೆರಳು ದೂರ

ನಿಜ ಹೇಳಬೇಕೆಂದರೆ ಬೇಡ ಎಂದದ್ದು ದೊಡ್ಡಮ್ಮ ಅಲ್ಲ, ಅವರ ಟೀವಿ. ಬೆಳಗ್ಗಿನ ದೋಸೆಯಿಂದ ರಾತ್ರಿಯ ಗಂಜಿಯವರೆಗೆ ಆ ಮನೆಯಲ್ಲಿ ಸುದ್ದಿ ಚಾನೆಲ್ಲೇ ಓಡುವುದು. ಗಲ್ಫಿನ ಯಾವ ಮೂಲೆಯಲ್ಲಿ ಏನೇ ಆದರೂ ಟೀವಿ ಪರದೆಯ ಮೇಲೆ ಕೆಂಪು ಬಾಣಗಳು ಹಾರುತ್ತವೆ, ಐದೇ ನಿಮಿಷಕ್ಕೆ ನನ್ನ ಫೋನು ಬಡಿದುಕೊಳ್ಳುತ್ತದೆ.

"ನೀನು ಈಗ ಎಲ್ಲಿದ್ದಿ?"

"ಅಂಗಡಿಯಲ್ಲಿ. ಬೆಂಡೆಕಾಯಿ ಆರಿಸ್ತಾ ಇದ್ದೇನೆ."

"ಬೆಂಡೆಕಾಯಿ ಅಲ್ಲೇ ಬಿಡು. ಮನೆಗೆ ಹೋಗಿ ಬಾಗಿಲು ಹಾಕು. ಮಿಸೈಲು ಬರ್ತಾ ಉಂಟಂತೆ."

"ಅದು ಬೇರೆ ದೇಶ ದೊಡ್ಡಮ್ಮ. ಇಲ್ಲಿಂದ ತುಂಬ ದೂರ."

"ಎಂತ ದೂರ? ಮ್ಯಾಪಿನಲ್ಲಿ ತೋರಿಸಿದ್ರು, ಒಂದು ಬೆರಳು!"

"ಅದೇ ಮ್ಯಾಪಿನಲ್ಲಿ ಕಡಬ ನಾಲ್ಕು ಬೆರಳು. ಹಾಗಾದ್ರೆ ನೀವೂ ಬಾಗಿಲು ಹಾಕ್ಬೇಕಲ್ವಾ?"

"ಇಲ್ಲಿಗೆ ಬರ್ತದಾ? ಹೈವೇ ಕೆಲಸ ಇನ್ನೂ ಮುಗೀಲಿಲ್ಲ ಮಾರಾಯ. ಮಂಗಳೂರಿನ ಬಸ್ಸೇ ಹೊತ್ತಿಗೆ ಸರಿಯಾಗಿ ಬರುದಿಲ್ಲ, ಮಿಸೈಲು ಬರ್ತದಾ?"

ಲೈನ್‌ಮ್ಯಾನ್

ನನ್ನ ಕಥೆ ಇದರ ತಿರುವುಮುರುವು. ಪುತ್ತೂರು, ಸುಳ್ಯ, ಕಡಬ ಎಂದು ಊರಿನ ಮೂರು ವಾಟ್ಸಾಪ್ ಗುಂಪುಗಳಲ್ಲಿ ನಾನಿದ್ದೇನೆ. ಪಕ್ಕದ ಫ್ಲ್ಯಾಟಿನಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ, ಪುತ್ತೂರಿನ ನರಿಮೊಗರಿನಲ್ಲಿ ಯಾರ ದನ ತಪ್ಪಿಸಿಕೊಂಡಿದೆ ಎಂದು ಗೊತ್ತು. ಹೆಂಡತಿ ಇದಕ್ಕೆ ಹೇಳುವುದು, "ನಿಮ್ಮ ವೀಸಾ ಮಾತ್ರ ಇಲ್ಲಿ ಇರುದು."

ಒಂದು ದಿನ ಕೋಡಿಂಬಾಳದ ತಿರುವಿನಲ್ಲಿ ಮರ ಬಿದ್ದು ವಿದ್ಯುತ್ ತಂತಿ ತುಂಡಾದ ಫೋಟೋ ಬಂತು. ಗಾಬರಿಯಿಂದ ಫೋನು ಮಾಡಿದೆ.

"ದೊಡ್ಡಮ್ಮ, ಕರೆಂಟ್ ಉಂಟಾ?"

"ಕರೆಂಟಿಗೆ ಎಂತ ಆಗಿದೆ? ಟೀವಿ ಹಾಳಾಗಿದೆ. ರಿಪೇರಿಯವನಿಗೆ ಹೇಳಿದ್ದೇನೆ, ಈಗ ಬಂದೆ ಅಂದವ ಇನ್ನೂ ಇಲ್ಲ."

"ಟೀವಿ ಸರಿಯಿದೆ. ಕರೆಂಟ್ ಇಲ್ಲ. ರಸ್ತೆಗೆ ಮರ ಬಿದ್ದಿದೆ, ಅದಕ್ಕೇ ಅವ ಬರ್ಲಿಲ್ಲ."

"ಇಷ್ಟೆಲ್ಲ ಗೊತ್ತುಂಟಲ್ಲ ನಿನಗೆ, ಹಾಗಾದ್ರೆ ಲೈನ್‌ಮ್ಯಾನಿಗೂ ನೀನೇ ಹೇಳು."

ಹೇಳಿದೆ. ಆ ಪುಣ್ಯಾತ್ಮರು ಎಲ್ಲ ಕೇಳಿಸಿಕೊಂಡು, "ಸರಿ, ನೀವು ಎಲ್ಲಿಂದ ಮಾತಾಡುದು?" ಎಂದರು.

"ಮಸ್ಕತ್ತಿಂದ."

"ಅಯ್ಯೋ, ಅಲ್ಲೂ ಕರೆಂಟ್ ಹೋಯ್ತಾ ಮಾರಾಯ್ರೆ?"

ಮನೆ ಎಲ್ಲಿ ಆಯ್ತು?

ಅಂತೂ ದೊಡ್ಡಮ್ಮ ವಿಮಾನ ಹತ್ತಿದರು. ಅರ್ಧ ವಿಮಾನದ ಜನ ಹೊರಬಂದರು, ಅವರು ಮಾತ್ರ ಇಲ್ಲ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಏನು ಕೇಳಿದರೋ, ಇವರು ಏನು ಹೇಳಿದರೋ! ಅರ್ಧ ಗಂಟೆ ಕಳೆದ ಮೇಲೆ ನಗುನಗುತ್ತಾ ಬಂದರು.

"ಒಳಗೆ ಎಂತ ತೊಂದರೆ ಆಯ್ತು?"

"ತೊಂದರೆ ಎಂತದ್ದೂ ಇಲ್ಲ. ಆ ಆಫೀಸರು ನನ್ನ ಹೆಸರು, ಊರು, ಯಾರ ಮನೆಗೆ ಹೋಗುದು, ಎಲ್ಲ ಕೇಳಿದ್ರು. ಅಷ್ಟು ಕೇಳಿದ ಮೇಲೆ, ನಿಮ್ಮದು ಮನೆ ಎಲ್ಲಿ ಆಯ್ತು ಅಂತ ನಾನು ಕೇಳದೆ ಬರ್ಲಿಕ್ಕೆ ಆಗ್ತದಾ? ಹಿಂದೆ ನಿಂತಿದ್ದ ಉಪ್ಪಿನಂಗಡಿಯ ಹೆಂಗಸಿಗೆ ಅರಬ್ಬಿ ಬರ್ತದೆ. ಅವರೇ ಕೇಳಿ ಹೇಳಿದ್ರು."

ಸಾಲಿನಲ್ಲಿ ಹಿಂದಿದ್ದವರ ಪಾಡು ನೆನೆದು ನಾನು ತಲೆ ಮೇಲೆ ಕೈಯಿಟ್ಟೆ. ದೊಡ್ಡಮ್ಮ ಕಾರಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡರು.

"ಆ ಆಫೀಸರದ್ದು ಒಳ್ಳೆ ಮನೆತನ. ತಂಗಿಗೆ ಮಾತ್ರ ಇನ್ನೂ ಗಂಡು ಸಿಕ್ಕಲಿಲ್ಲವಂತೆ. ನಿನ್ನ ಗುರ್ತದಲ್ಲಿ ಯಾರಾದ್ರೂ ಉಂಟಾ?"

ಹೀರೋ ಸತ್ತ ಜಾಗ

ಇಲ್ಲಿ ಕನ್ನಡ ಸಿನೆಮಾ ಬರುವುದೇ ಅಪರೂಪ. ಬಂದರೂ ಶುಕ್ರವಾರ ಒಂದೇ ಆಟ. ದೊಡ್ಡಮ್ಮನನ್ನು ಕರೆದುಕೊಂಡು ಹೋದೆವು. ಥಿಯೇಟರಿನಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ. ಕಥೆ ದುಃಖದ್ದು. ಕೊನೆಗೆ ಹಸಿರು ಗುಡ್ಡದ ಮೇಲೆ ಗುಂಡೇಟು ತಿಂದ ಹೀರೋ ತಾಯಿಯ ಮಡಿಲಲ್ಲಿ ಕೊನೆಯ ಮಾತು ಹೇಳುತ್ತಿದ್ದಾನೆ. ಇಡೀ ಥಿಯೇಟರ್ ಗಪ್‌ಚಿಪ್. ಆಗ ದೊಡ್ಡಮ್ಮನ ಸ್ವರ ಕೇಳಿತು.

"ಇದು ನಮ್ಮ ಕೊಯಿಲದ ದನದ ಫಾರ್ಮಿನ ಗುಡ್ಡೆ ಅಲ್ವಾ!"

ಮುಂದಿನ ಸಾಲಿನವರೊಬ್ಬರು ತಿರುಗಿದರು. "ಅಲ್ಲ ಅಮ್ಮ, ಇದು ಸುಳ್ಯದ ಕಡೆ. ಶೂಟಿಂಗ್ ಆಗುವಾಗ ನನ್ನ ಭಾವ ಹೋಗಿದ್ರು."

"ನಿಮ್ಮ ಭಾವನಿಗೆ ಎಂತ ಗೊತ್ತುಂಟು? ನಾನು ಅಲ್ಲಿ ನಡೆದವಳು."

ಬಲಗಡೆಯಿಂದ ಒಬ್ಬರು ಕೊಯಿಲ ಎಂದರು, ಹಿಂದಿನಿಂದ ಇಬ್ಬರು ಸುಳ್ಯ ಎಂದರು. ಒಬ್ಬರಂತೂ ಮೊಬೈಲಿನಲ್ಲಿ ಆ ಗುಡ್ಡೆಯ ಹಳೇ ಫೋಟೋ ಹುಡುಕಿ ಸಾಲಿಡೀ ತೋರಿಸಿದರು. ಈ ಗದ್ದಲ ಮುಗಿಯುವಷ್ಟರಲ್ಲಿ ದೀಪ ಹತ್ತಿತು. ಹೀರೋ ಕೊನೆಗೆ ಏನು ಹೇಳಿ ಸತ್ತ ಎಂದು ಕೇಳಿದರೆ ಥಿಯೇಟರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.

ದೊಡ್ಡಮ್ಮ ಮಾತ್ರ ಸಮಾಧಾನ ಹೇಳಿದರು. "ಎಂತ ಹೇಳಿದ್ರೂ ಒಂದೇ. ಸತ್ತದ್ದು ಕೊಯಿಲದಲ್ಲೇ."

ಪಾಯಸ

ಮೂರು ವಾರ ಕಳೆಯಿತು. ದೊಡ್ಡಮ್ಮ ಸಮುದ್ರ ನೋಡಿದರು, ಮಾರುಕಟ್ಟೆ ನೋಡಿದರು, ಸಹಿಗೆ ಮಾತ್ರ ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸಹಿಯ ಗಡುವಿಗೆ ನಾಲ್ಕೇ ದಿನ. ಸಹಿ ಯಾಕೆ ತಡ ಎಂದು ನನ್ನಿಂದ ತಿಳಿದಿದ್ದ ಒಮಾನಿ ಮ್ಯಾನೇಜರು ಆಗ ತಾವಾಗಿಯೇ, "ನಿಮ್ಮ ದೊಡ್ಡಮ್ಮನನ್ನು ನೋಡಬೇಕು" ಎಂದರು. ಅಂದೇ ಊಟಕ್ಕೆ ಕರೆದೆ. ನನ್ನ ಮೂರು ವರ್ಷ ಇವರಿಬ್ಬರ ನಡುವೆ ನಿಂತಿತ್ತು. ನಿಜಕ್ಕೂ ಹೆದರಿದ್ದೆ.

ಹೆಂಡತಿಗೆ ಅಂದು ಡ್ಯೂಟಿ. ಊಟ ಚೆನ್ನಾಗಿಯೇ ಆಯಿತು. ಕೊನೆಗೆ ದೊಡ್ಡಮ್ಮ ಕಡ್ಲೆಬೇಳೆ ಪಾಯಸವನ್ನು ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟರು. ಇನ್ನೆರಡು ಹಪ್ಪಳ ಕರಿಯೋಣವೆಂದು ನಾನು ಅಡುಗೆಮನೆಗೆ ಹೋದೆ. ಅದೇ ನನ್ನಿಂದಾದ ತಪ್ಪು.

ಇಲ್ಲಿಯ ಒಂದು ಪದ್ಧತಿ ಹೇಳಬೇಕು. ಒಮಾನಿಗಳ ಮನೆಯಲ್ಲಿ ಕಾಫಿ ಸಾಕಾದರೆ ಖಾಲಿ ಬಟ್ಟಲನ್ನು ಹಿಡಿದು ಸ್ವಲ್ಪ ಅಲ್ಲಾಡಿಸಬೇಕು. ಸುಮ್ಮನೆ ಕುಳಿತರೆ ಸುರಿಯುತ್ತಲೇ ಇರುತ್ತಾರೆ. ಮ್ಯಾನೇಜರು ಪಾಯಸ ಮುಗಿಸಿ ಮರ್ಯಾದೆಯಾಗಿ ಲೋಟ ಅಲ್ಲಾಡಿಸಿದರು. ನಮ್ಮ ದೊಡ್ಡಮ್ಮನಿಗೆ ಅದು ಹೇಗೆ ಕಂಡೀತು? 'ಪಾಪ, ಖಾಲಿ ಆಗಿದೆ ಅಂತ ತೋರಿಸ್ತಾ ಇದ್ದಾರೆ.' ತುಂಬಿಸಿದರು. ಹಾಕಿದ್ದನ್ನು ಬಿಟ್ಟರೆ ಹಿರಿಯರಿಗೆ ಅವಮಾನ ಎಂದು ಅವರು ಕುಡಿದರು. ಈ ಸಲ ಜೋರಾಗಿ ಅಲ್ಲಾಡಿಸಿದರು. ದೊಡ್ಡಮ್ಮನಿಗೆ ಹಿಗ್ಗೋ ಹಿಗ್ಗು, ಇನ್ನೂ ಜೋರಾಗಿ ಸುರಿದರು.

ನಾನು ಹಪ್ಪಳದ ತಟ್ಟೆ ಹಿಡಿದು ಬರುವಾಗ ಐದನೇ ಲೋಟ. ಮ್ಯಾನೇಜರ ಹಣೆಯಲ್ಲಿ ಬೆವರು.

"ನಿಮ್ಮ ಊರಲ್ಲಿ ಇದನ್ನು ನಿಲ್ಲಿಸುವುದು ಹೇಗೆ?" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

"ಲೋಟದ ಮೇಲೆ ಕೈ ಅಡ್ಡ ಹಿಡಿದು 'ಸಾಕು' ಅನ್ನಿ," ಎಂದೆ.

ಎರಡೂ ಕೈ ಅಡ್ಡ ಹಿಡಿದು ಸ್ಪಷ್ಟವಾಗಿ, "ಸಾಕು" ಎಂದರು. ಸಾಕು ಎಂದವರಿಗೆ ಮೇಲಿಂದ ಒಂದು ಸೌಟು ಹಾಕದಿದ್ದರೆ ಅದು ನಮ್ಮಲ್ಲಿ ಉಪಚಾರವೇ ಅಲ್ಲ ಎಂಬುದನ್ನು ನಾನು ಮರೆತಿದ್ದೆ. ಬೆರಳುಗಳ ಸಂದಿಯಿಂದಲೇ ಆರನೆಯದು ಇಳಿಯಿತು.

ಅವರನ್ನು ಕಾರಿನ ತನಕ ಬಿಟ್ಟು ಬಂದೆ. ದೊಡ್ಡಮ್ಮ ಪಾತ್ರೆಯ ತಳ ನೋಡುತ್ತಾ ಕುಳಿತಿದ್ದರು. ಕಣ್ಣಲ್ಲಿ ನೀರು.

"ಊರಲ್ಲಿ ಈಗ ಯಾರಿಗೆ ಪಾಯಸ ಹಾಕುದು ಹೇಳು? ಎಲ್ಲರಿಗೂ ಶುಗರು. ಅರ್ಧ ಸೌಟು ಅಂತಾರೆ, ಅದನ್ನೂ ಎಲೆಯಲ್ಲೇ ಬಿಡ್ತಾರೆ. ಇವರು ನೋಡು, ಕೇಳಿ ಕೇಳಿ ಆರು ಲೋಟ! ಇಂಥವರ ಕೈಕೆಳಗೆ ಇದ್ದಿ ಅಂದ್ರೆ ನನಗೆ ಹೆದರಿಕೆ ಇಲ್ಲ. ಸಹಿ ಹಾಕು ಮಗಾ."

ನನಗೆ ನಿಜ ಹೇಳುವ ಧೈರ್ಯ ಆಗಲಿಲ್ಲ, ಮನಸ್ಸೂ ಬರಲಿಲ್ಲ.

ಮರುದಿನ ಕಾಗದ ಹಿಡಿದು ಆಫೀಸಿಗೆ ಹೋದರೆ ಮ್ಯಾನೇಜರು ರಜೆ. ಅದರ ಮರುದಿನವೂ ರಜೆ. ಮೂರನೇ ದಿನ ಬಂದರು, ಮುಖ ಸ್ವಲ್ಪ ಇಳಿದಿತ್ತು. ನಾನು ಸಹಿ ಹಾಕಿದೆ. ಅವರೂ ಪೆನ್ನು ತೆಗೆದರು, ಕಾಗದದ ಮೇಲಿಟ್ಟು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು.

"ನಿಮ್ಮ ದೊಡ್ಡಮ್ಮ ಊರಿಗೆ ಹೋಗುವುದು ಯಾವತ್ತು?"